ಸೋತವನ ಹೆಸರೇ ಹಾಡಿನಲ್ಲಿ

ನಮ್ಮ ಗದಗ ಕಡೆ ಹೊಸ ಸೊಸೆ ಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ. ಬರೀ ಹೆಸರು ಹೇಳಿದರೆ ನಡೆಯಲ್ಲ, ಒಡಪು ಕಟ್ಟಿ ಹೇಳಬೇಕು. "ಬೆಳ್ಳಿ ಬಟ್ಟಲಾಗ ಬೆಣ್ಣಿ ಇಟ್ಟೀನಿ, ಬಸವರಾಜರ ಹೆಸರ ಹೇಳಿ ಹೊಸ್ತಿಲ ದಾಟೀನಿ" ಅನ್ನುವ ಹಾಗೆ. ಬಸುರಿಗೆ ಮಾಡುವ ಕುಬಸದಲ್ಲಿ ಮತ್ತೆ ಇದೇ, ಕೂಸಿಗೆ ಹೆಸರಿಡುವ ದಿನವೂ ಇದೇ. ಸೇರಿದ ಹೆಂಗಸರು ವಯಸ್ಸಾದವರನ್ನೂ ಬಿಡುವುದಿಲ್ಲ. ಎಪ್ಪತ್ತು ದಾಟಿದ ನಮ್ಮ ಚಿಗವ್ವ ಹೆಸರು ಬರುವ ಜಾಗ ಬಂದಾಗ ಸೆರಗನ್ನು ಬಾಯಿಗೆ ಹಿಡಿದು ನಕ್ಕಿದ್ದನ್ನು ನಾನೇ ನೋಡಿದ್ದೇನೆ. ಸುತ್ತಲಿದ್ದವರು ಚಪ್ಪಾಳೆ ಹೊಡೆದು, "ಹೇಳವ್ವಾ, ಹೇಳು" ಅಂತ ಒತ್ತಾಯ ಮಾಡಿದ ಮೇಲೆ ಕಾಕಾನ ಹೆಸರು ಬಂತು. ಆ ಹೆಸರು ಅವಳ ಬಾಯಲ್ಲಿ ಅಷ್ಟು ಚೆಂದ ಕೇಳುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಉಳಿದ ದಿನಗಳಲ್ಲಿ ಗಂಡಂದಿರಿಗೆ ಹೆಸರೇ ಇಲ್ಲ. "ನಮ್ಮ ಮನಿಯವರು", "ಇವರು", "ಹುಡುಗರ ಅಪ್ಪ". ನಮ್ಮ ಅವ್ವನನ್ನು ರೇಷನ್ ಕಾರ್ಡಿಗೆ ಅಂತ ಕರೆದುಕೊಂಡು ಹೋದಾಗ ಗಂಡನ ಹೆಸರು ಏನು ಅಂತ ಕೇಳಿದರು. ಅವ್ವ ನನ್ನ ಮುಖ ನೋಡಿದಳು. ನಾನೇ ಹೇಳಿದೆ. ಅವಳ ಕಾಲದವರಿಗೆ ಅದು ಹೆದರಿಕೆಯಷ್ಟೇ ಅಲ್ಲ. ಹೆಸರು ಕೂಗಿದರೆ ಮನುಷ್ಯನ ಆಯುಷ್ಯ ಕಡಿಮೆಯಾಗುತ್ತದೆ ಅನ್ನೋ ನಂಬಿಕೆ. ಒಡಪಿನಲ್ಲಿ ಮಾತ್ರ ಹೇಳಬಹುದು, ಯಾಕೆಂದರೆ ಅಲ್ಲಿ ಹಾಡು ಹೆಸರಿಗೆ ಕಾವಲು ಇರುತ್ತದೆ.

ನಮ್ಮ ಕಡೆಯ ಹಾಡುಗಳಲ್ಲಿ ಯಾವ ಯಾವ ಗಂಡಸರು ಬರುತ್ತಾರೆ ಅಂತ ನಾನು ಬಹಳ ದಿನಗಳಿಂದ ಗಮನಿಸುತ್ತಾ ಬಂದಿದ್ದೇನೆ. ಬೀಸುವ ಪದ, ಲಾವಣಿ, ತತ್ವಪದ, ಹಬ್ಬದ ಪದ, ಸಣ್ಣಾಟ, ಈಗಿನ ಮೊಬೈಲಿನ ಜಾನಪದ ಎಲ್ಲವನ್ನೂ ಕೇಳುತ್ತೇನೆ. ಕೇಳುತ್ತಾ ಹೋದ ಹಾಗೆ ಒಂದು ಮಾತು ಗಟ್ಟಿಯಾಗಿದೆ. ಬದುಕಿರುವ ಗಂಡಸಿನ ಹೆಸರನ್ನು ನಮ್ಮ ಹಾಡು ಮುಚ್ಚಿಡುತ್ತದೆ. ಸತ್ತವನ, ಸೋತವನ, ಸುಟ್ಟುಹೋದವನ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗುತ್ತದೆ. ಗೆದ್ದು ಮನೆಗೆ ಹೋದವನಿಗೆ ನಮ್ಮಲ್ಲಿ ಹಾಡು ಕಡಿಮೆ.

ಮೊದಲು ಬದುಕಿರುವವನ ಮಾತು. ಧಾರವಾಡದ ಸಾಧನಕೇರಿಯ ಬೇಂದ್ರೆ ಅಜ್ಜ ಬರೆದ 'ಹುಬ್ಬಳ್ಳಿಯಾಂವಾ' ಹಾಡನ್ನು ಕೇಳದವರು ಈ ಕಡೆ ಯಾರಿದ್ದಾರೆ? ಒಬ್ಬಳು ಕಾಯುತ್ತಿದ್ದಾಳೆ, ಅವನು ಯಾಕೆ ಇನ್ನೂ ಬರಲಿಲ್ಲ ಅಂತ ಕೇಳುತ್ತಿದ್ದಾಳೆ. ಜರದ ರುಮಾಲು ಸುತ್ತಿದವನು, ಮೀಸೆ ತೀಡುವವನು, ಮಾತುಮಾತಿಗೆ ನಗಿಸುವವನು, ಚಹಾದ ಜೋಡಿ ಚೂಡಾ ಇದ್ದ ಹಾಗೆ ನೀನು ಅಂತ ಹೊಗಳಿದವನು. ಅವನ ರುಮಾಲಿನ ಅಂಚೂ ನಮಗೆ ಕಾಣುತ್ತದೆ. ಹೆಸರು ಮಾತ್ರ ಇಲ್ಲ, ಊರಷ್ಟೇ. ಹುಬ್ಬಳ್ಳಿಯವನು. ಇಷ್ಟು ಪೂರ್ತಿಯಾಗಿ ಕಣ್ಣಿಗೆ ಕಟ್ಟುವ ಗಂಡಸು ಕನ್ನಡದ ಹಾಡುಗಳಲ್ಲಿ ಇನ್ನೊಬ್ಬ ಇಲ್ಲ ಅಂತ ನನ್ನ ಅಭಿಪ್ರಾಯ. ಹೆಸರು ಇಟ್ಟಿದ್ದರೆ ಅವನು ಯಾರೋ ಒಬ್ಬ ಮಲ್ಲಪ್ಪನೋ ಶಂಕ್ರಪ್ಪನೋ ಆಗುತ್ತಿದ್ದ. ಹೆಸರಿಲ್ಲದ್ದರಿಂದ ಕಾಯುವ ಪ್ರತಿಯೊಬ್ಬಳಿಗೂ ಅವನು ತನ್ನವನೇ. ಮೈಸೂರು ಕಡೆಯ ಕೆ.ಎಸ್. ನರಸಿಂಹಸ್ವಾಮಿಯವರೂ ಇದನ್ನೇ ಮಾಡಿದರು. ಮಾವನ ಮನೆಗೆ ರಾತ್ರಿ ಬಂದವರು ಬರೀ 'ರಾಯರು'. ಹೆಂಡತಿಗೆ ಪದುಮ ಅಂತ ಹೆಸರಿದೆ, ರಾಯರಿಗೆ ಇಲ್ಲ.

ಇನ್ನು ಹೆಸರು ಕೂಗಿ ಹಾಡುವವರ ಕಡೆ ಬರೋಣ. ಇವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ಜೋಕುಮಾರ.

ಗಣೇಶ ಚತುರ್ಥಿ ಆದ ಮೇಲೆ ಬರುವ ಅಷ್ಟಮಿಗೆ ಜೋಕುಮಾರ ಹುಟ್ಟುತ್ತಾನೆ. ಹುಣ್ಣಿಮೆಗೆ ಸಾಯುತ್ತಾನೆ. ಏಳೇ ದಿನದ ಬಾಳು. ಮಣ್ಣಿನ ಮೂರ್ತಿ, ದೊಡ್ಡ ಕಣ್ಣು, ದೊಡ್ಡ ಮೀಸೆ, ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಅವನನ್ನು ಬುಟ್ಟಿಯಲ್ಲಿ ಹೊತ್ತು ಅಂಬಿಗೇರ, ತಳವಾರ, ಬಾರಕೇರ ಮನೆತನದ ಹೆಂಗಸರು ಮನೆಮನೆಗೆ ಬರುತ್ತಾರೆ. ಬುಟ್ಟಿ ಇಳಿಸಿ ಸುತ್ತ ಕೂತು ಹಾಡುತ್ತಾರೆ. "ಅಡ್ಡಡ್ಡ ಮಳೆ ಬಂದು ದೊಡ್ಡ ದೊಡ್ಡ ಕೆರೆ ತುಂಬಿ, ಗೊಡ್ಡುಗಳೆಲ್ಲ ಹೈನಾಗಿ ಜೋಕುಮಾರ." ಪ್ರತಿ ನುಡಿಯ ಕೊನೆಗೂ ಅವನ ಹೆಸರು. ಮೊರದಲ್ಲಿ ಜೋಳ ಕೊಟ್ಟರೆ ಬೇವಿನ ಎಲೆ, ನುಚ್ಚು ಕೊಡುತ್ತಾರೆ. ರೈತರು ಅದನ್ನು ಹೊಲಕ್ಕೆ ಚೆಲ್ಲಿ ಬರುತ್ತಾರೆ.

ಇವನು ಒಳ್ಳೆಯ ಹುಡುಗ ಏನಲ್ಲ. ಹಾಡಿನಲ್ಲೇ ಅದು ಇದೆ. ಕಂಡ ಹೆಣ್ಣುಗಳ ಬೆನ್ನು ಹತ್ತಿದ, ಯಾರ ಮಾತೂ ಕೇಳಲಿಲ್ಲ, ಕೊನೆಗೆ ಸಿಟ್ಟಾದ ಗಂಡಸರು ಸೇರಿ ಕೊಂದರು. ಕೊಂದ ರೀತಿ ಊರಿಂದ ಊರಿಗೆ ಬೇರೆ. ಹುಣ್ಣಿಮೆ ರಾತ್ರಿ ಊರ ಹೊರಗೆ ಅವನನ್ನು ಮುಗಿಸಿ ಬರುತ್ತಾರೆ, ಆಗ ತಿರುಗಿ ನೋಡುವ ಹಾಗಿಲ್ಲ. ಆದರೆ ಅವನದು ಇನ್ನೊಂದು ಮುಖ ಇದೆ. ಗಣಪ ಭೂಮಿಗೆ ಬಂದು ಕಡುಬು ಉಂಡು, ಮೇಲೆ ಹೋಗಿ ಎಲ್ಲರೂ ಸುಖವಾಗಿದ್ದಾರೆ ಅಂತ ಶಿವನಿಗೆ ವರದಿ ಕೊಟ್ಟನಂತೆ. ಜೋಕುಮಾರ ಬಡವರ ಓಣಿಯಲ್ಲಿ ತಿರುಗಿದ. ಮಳೆ ಇಲ್ಲ, ಕಾಳಿಲ್ಲ, ಜನ ಸಾಯುತ್ತಿದ್ದಾರೆ ಅಂತ ಹೇಳಿದ. ಅವನು ಹೇಳಿದ ಮೇಲೆ ಮಳೆ ಬಂತು.

ನಮ್ಮ ಓಣಿಗೆ ಬರುವ ಹಾಡುಗಾರ್ತಿಯನ್ನು ಒಮ್ಮೆ ಕೇಳಿದ್ದೆ. "ಅವ್ವಾ, ಇಂಥಾ ಪುಂಡನ ಹೆಸರ್ಲೆ ಯಾಕ ಹಾಡ್ತೀರಿ?"

"ಮಳಿ ತಂದಾನಲ್ಲ್ರೀ ಯಪ್ಪಾ," ಅಂದರು. ಆಮೇಲೆ ಜೋಳ ಕಟ್ಟಿಕೊಳ್ಳುತ್ತಾ, "ಹಡದಾಕಿಗೆ ಎಂಥಾ ಮಗಾ ಆದ್ರೂ ಮಗಾನ. ಏಳ ದಿನಾ ಇರ್ತಾನ, ಬೈಯೂದ್ಯಾಕ?" ಅಂತ ಸೇರಿಸಿದರು.

ಆ ಹೆಂಗಸರ ಹಾಡಿನಲ್ಲಿ ಪೊಗರು ಇದೆ, ಬಿಚ್ಚು ಮಾತಿದೆ, ಕೇಳಿದರೆ ಗಂಡಸರು ತಲೆ ತಗ್ಗಿಸಬೇಕು. ಅದೇ ಹಾಡಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಅಳಲೂ ಇದೆ. ತಪ್ಪನ್ನು ಬಚ್ಚಿಡದೆ, ಅವನನ್ನು ಬಿಟ್ಟೂ ಕೊಡದೆ ಹಾಡುವುದು ಸಣ್ಣ ಕೆಲಸವಲ್ಲ. ಚಂದ್ರಶೇಖರ ಕಂಬಾರರು ಇದೇ ಜೋಕುಮಾರನನ್ನು ಇಟ್ಟುಕೊಂಡು ನಾಟಕ ಬರೆದರು, ಅದು ದೇಶದ ತುಂಬಾ ಹೆಸರು ಮಾಡಿತು. ಆದರೂ ನನಗೆ ಬುಟ್ಟಿಯ ಮುಂದೆ ಕೂತು ಕೇಳಿದ್ದೇ ಹೆಚ್ಚು.

ಕಾಮಣ್ಣನದೂ ಹೆಚ್ಚೂ ಕಡಿಮೆ ಇದೇ ಕಥೆ. ಹೋಳಿ ಹುಣ್ಣಿಮೆ ಹತ್ತಿರ ಬಂದರೆ ಹುಬ್ಬಳ್ಳಿಯಲ್ಲಿ ಓಣಿ ಓಣಿಗೆ ರತಿ-ಕಾಮಣ್ಣರನ್ನು ಕೂಡಿಸುತ್ತಾರೆ, ಹಲಗೆ ಸಪ್ಪಳ ರಾತ್ರಿಯೆಲ್ಲ. ನವಲಗುಂದದ ರಾಮಲಿಂಗ ಕಾಮಣ್ಣನಿಗಂತೂ ಜನ ದೂರದಿಂದ ಬಂದು ಹರಕೆ ಹೊರುತ್ತಾರೆ. ಹುಡುಗರು ಕಟ್ಟಿಗೆ, ಕುಳ್ಳು ಕದ್ದು ತಂದು, "ಕಾಮಣ್ಣನ ಮಕ್ಕಳು" ಅಂತ ತಮ್ಮನ್ನೇ ಕೂಗಿಕೊಳ್ಳುತ್ತಾರೆ. ಆಮೇಲೆ ಅವನನ್ನು ಸುಟ್ಟು ಬಾಯಿ ಬಡಿದುಕೊಳ್ಳುತ್ತಾರೆ. ಸುಟ್ಟ ಶಿವನ ಹೆಸರು ಆ ಹೊತ್ತಿನಲ್ಲಿ ಯಾರ ಬಾಯಲ್ಲೂ ಇರುವುದಿಲ್ಲ.

ಮೊಹರಂ ಬಂದಾಗ ಹಸನ, ಹುಸೇನ. ಕರ್ಬಲಾದ ಕಾಳಗ ನಡೆದದ್ದು ಕ್ರಿ.ಶ. 680ರಲ್ಲಿ, ಇರಾಕಿನ ಮರಳಿನಲ್ಲಿ. ಅಲ್ಲಿ ನೀರಿಗೆ ಹಾತೊರೆದು ಮಡಿದ ಹುಸೇನನ ಹೆಸರು, ಅಣ್ಣ ಹಸನನ ಹೆಸರಿನ ಜೊತೆಗೆ, ಗದಗ ಜಿಲ್ಲೆಯ ಎರೆಹೊಲದ ಊರುಗಳಲ್ಲಿ, ಅಚ್ಚ ಕನ್ನಡದಲ್ಲಿ, ಇವತ್ತಿಗೂ ಕೇಳುತ್ತದೆ. ಇವು ರಿವಾಯತ ಪದಗಳು. ಹೆಜ್ಜೆ ಮೇಳದವರು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಅಲಾಯಿ ಕುಣಿಯ ಸುತ್ತ ಹಾಡುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಕೂಡ ಪಂಜಾ ಕೂಡಿಸಿ ಹಬ್ಬ ಮಾಡುತ್ತಾರೆ. ಹಾಡುವವರಲ್ಲಿ ಕುರುಬರಿದ್ದಾರೆ, ಲಿಂಗಾಯತರಿದ್ದಾರೆ, ತಳವಾರರಿದ್ದಾರೆ. ಸಣ್ಣವನಿದ್ದಾಗ ಹಸನ-ಹುಸೇನರು ನಮ್ಮ ಪಕ್ಕದ ಊರಿನ ಅಣ್ಣತಮ್ಮಂದಿರು ಅಂತಲೇ ನಾನು ನಂಬಿದ್ದೆ. ಆ ಹಾಡು ಅವರನ್ನು ಅಷ್ಟು ಹತ್ತಿರ ತಂದಿತ್ತು. ಮೊನ್ನೆ ಮೊನ್ನೆ ಊರಲ್ಲಿ ಮಡಿದ ಹುಡುಗರಿಗೆ ಅಳುವ ಹಾಗೆ ಅಳುತ್ತಾರೆ.

ಹೀಗೆ ಅಳುವುದಕ್ಕೆ ಇಲ್ಲಿ ದೇವರು, ಶರಣರೇ ಆಗಬೇಕಿಲ್ಲ. ಸಂಗೊಳ್ಳಿ ರಾಯಣ್ಣನನ್ನು ನೋಡಿ. ಕಿತ್ತೂರು ಬಿದ್ದ ಮೇಲೂ ಕಾಡಿನಲ್ಲಿ ನಿಂತು ಕಂಪನಿ ಸರ್ಕಾರದ ನಿದ್ದೆ ಕೆಡಿಸಿದವನು. ನಮ್ಮವರೇ ಮೋಸ ಮಾಡಿ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಅಲ್ಲಿಂದ ಶುರುವಾದ ಲಾವಣಿ ಇನ್ನೂ ನಿಂತಿಲ್ಲ. ಡಪ್ಪು, ತುಂತುಣಿ, ತಾಳ ಹಿಡಿದು ಗೀಗೀ ಮೇಳದವರು ರಾಯಣ್ಣನ ಹೆಸರೆತ್ತಿದರೆ ಜಾತ್ರೆಯ ಗದ್ದಲವೂ ಸುಮ್ಮನಾಗುತ್ತದೆ. ನಂದಗಡದ ಆಲದ ಮರಕ್ಕೆ ಮಕ್ಕಳಿಲ್ಲದವರು ಈಗಲೂ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಬೇಕು ಅಂತ ಬೇಡಿಕೊಳ್ಳುತ್ತಾರೆ. ಗಲ್ಲಿಗೇರಿದವನಂಥ ಮಗ! ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಈ ಲಾವಣಿಗಳನ್ನು ಮೊದಲು ಕಾಗದಕ್ಕೆ ಇಳಿಸಿದವರಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯೇ ಇದ್ದಾನೆ. ಜೆ.ಎಫ್. ಫ್ಲೀಟ್. ನಮ್ಮ ಶಾಸನಗಳನ್ನು ಓದಿ ಹೆಸರು ಮಾಡಿದವನು. 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದ. ತನ್ನ ಸರ್ಕಾರವೇ ಗಲ್ಲಿಗೇರಿಸಿದ ರಾಯಣ್ಣನ ಲಾವಣಿಯೂ ಅದರಲ್ಲಿತ್ತು. ಹಾಡಿನ ಬಲ ಎಷ್ಟಿತ್ತು ನೋಡಿ. ಐವತ್ತು ವರ್ಷ ಕಳೆದಿದ್ದರೂ ಊರೂರಲ್ಲಿ ಅದು ಬಾಯಿಪಾಠವಾಗಿತ್ತು, ಸಾಹೇಬನ ಕಿವಿಗೂ ಬಿತ್ತು.

ಹಲಗಲಿಯ ಬೇಡರ ಲಾವಣಿಯನ್ನು ಈಗ ಶಾಲೆಯಲ್ಲೂ ಕಲಿಸುತ್ತಾರೆ. 1857ರಲ್ಲಿ ಹತಾರ ಒಪ್ಪಿಸಿ ಅಂತ ಕುಂಪಣಿ ಹುಕುಂ ಹೊರಡಿಸಿತು. ಮುಧೋಳದ ಹತ್ತಿರದ ಹಲಗಲಿಯವರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಸಿಕ್ಕವರನ್ನು ಗಲ್ಲಿಗೆ ಹಾಕಿದರು. ಪೂಜೇರಿ ಹನುಮ, ಬಾಲ, ಜಡಗ, ರಾಮ. ನಾಲ್ಕೂ ಹೆಸರು ಹಾಡಿನಲ್ಲಿ ಉಳಿದವು. ಇವರು ರಾಜರಲ್ಲ, ದೇಸಾಯರಲ್ಲ. ಹಾಡು ಇಲ್ಲದಿದ್ದರೆ ಜಡಗ ಅನ್ನುವವನೊಬ್ಬ ಬದುಕಿದ್ದ ಅಂತ ನಮಗೆ ಯಾರು ಹೇಳುತ್ತಿದ್ದರು? ಆ ಲಾವಣಿಯ ಕೊನೆಗೆ ಕುರ್ತಕೋಟಿಯ ದೇವರು ಕಲ್ಮೇಶನ ಹೆಸರು ಬರುತ್ತದೆ. ಕುರ್ತಕೋಟಿ ನಮ್ಮ ಗದಗ ತಾಲೂಕಿನ ಊರು. ಬೇರೆ ಊರಿನವರ ಸಾವಿಗೆ ನಮ್ಮ ತಾಲೂಕಿನ ಕವಿ ಪದ ಕಟ್ಟಿದ ಅನ್ನುವುದು ನನಗೆ ಹೆಮ್ಮೆಯ ಮಾತು.

ಶತ್ರುವಿಗೂ ಇದೇ ನಿಯಮ ಅನ್ನಿಸುತ್ತದೆ. ಕಿತ್ತೂರಿನ ಹಾಡುಗಳಲ್ಲಿ ಥ್ಯಾಕರೆ ಸಾಹೇಬ ಬರುತ್ತಾನೆ. ಧಾರವಾಡದ ಕಲೆಕ್ಟರ್ ಆಗಿದ್ದವನು, 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಸತ್ತ. ಸತ್ತದ್ದಕ್ಕೇ ಹಾಡಿಗೆ ಬಂದ. ಕೆಲವೇ ವಾರಗಳ ನಂತರ ದೊಡ್ಡ ದಂಡು ತಂದು ಕಿತ್ತೂರನ್ನು ಗೆದ್ದ ಸಾಹೇಬರು ಇದ್ದರಲ್ಲ, ಅವರ ಹೆಸರು ನಮ್ಮ ಹಳ್ಳಿಯಲ್ಲಿ ಯಾರಿಗಾದರೂ ಗೊತ್ತಾ? ನಾನು ಕೇಳಿ ನೋಡಿದ್ದೇನೆ. ಯಾರಿಗೂ ಗೊತ್ತಿಲ್ಲ.

ಸಂಗ್ಯಾ ಬಾಳ್ಯಾ ಬೇರೆ ತರಹದ ಕಥೆ. ಬೈಲಹೊಂಗಲದಲ್ಲಿ ನಡೆದದ್ದು ಅನ್ನುತ್ತಾರೆ. ಫ್ಲೀಟ್ ಅಚ್ಚು ಹಾಕಿಸಿದ ಲಾವಣಿಗಳಲ್ಲಿ ಸಂಗ್ಯಾನದೂ ಇದೆ. ಆಮೇಲೆ ಸಣ್ಣಾಟವಾಗಿ ಊರೂರು ತಿರುಗಿತು. ಸಂಗ್ಯಾ ಇನ್ನೊಬ್ಬನ ಹೆಂಡತಿ ಗಂಗಿಗೆ ಮನಸೋತ. ಅವಳ ಗಂಡ ಈರ್ಯಾ. ಪ್ರಾಣದ ಗೆಳೆಯ ಅಂತ ಸಂಗ್ಯಾ ನಂಬಿದ್ದ ಬಾಳ್ಯಾನೇ ಅವನನ್ನು ಸಾವಿಗೆ ಒಪ್ಪಿಸಿದ. ನ್ಯಾಯ ನೋಡಿದರೆ ತಪ್ಪು ಸಂಗ್ಯಾನದು, ನೋವು ಈರ್ಯಾನದು. ಈರ್ಯಾನ ಹೆಸರೂ ಆಟದಲ್ಲಿದೆ. ಆದರೆ ಆಟಕ್ಕೆ ಬಿದ್ದದ್ದು ಸಂಗ್ಯಾ ಬಾಳ್ಯಾ ಅನ್ನೋ ಹೆಸರು, ಸತ್ತವನದು ಮತ್ತು ಅವನಿಗೆ ಮೋಸ ಮಾಡಿದವನದು. ಕೊನೆಗೆ ಸಂಗ್ಯಾ ಬೇಡಿಕೊಳ್ಳುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ. ಕಂಬಳಿ ಹೊದ್ದು ಕೂತ ಮುದುಕಿಯರು ಮೂಗು ಒರೆಸಿಕೊಳ್ಳುತ್ತಿರುತ್ತಾರೆ. ಮನೆಯಲ್ಲಿ ಮೊಮ್ಮಗ ಇಂಥದ್ದು ಮಾಡಿದ್ದರೆ ಅವರೇ ಕಸಬರಿಗೆ ತೆಗೆದುಕೊಳ್ಳುತ್ತಿದ್ದರು. ಹಾಡಿನಲ್ಲಿ ಮಾತ್ರ ಸಾಯುವವನ ಪಕ್ಕ ಕೂರುತ್ತಾರೆ.

ಹಾಗಂತ ಹೆಸರು ಬಂದವರೆಲ್ಲ ಪ್ರೀತಿಗೆ ಬಂದವರಲ್ಲ. 'ಕೆರೆಗೆ ಹಾರ'ದ ಮೊದಲ ಸಾಲಿನಲ್ಲೇ ಕಲ್ಲನಕೇರಿ ಮಲ್ಲನಗೌಡ ನಿಂತಿದ್ದಾನೆ. ಕೆರೆ ಕಟ್ಟಿಸಿದವನು, ನೀರು ಬರಲಿಲ್ಲ ಅಂತ ಕಿರಿ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟವನು. ಹೆಸರು ದೊಡ್ಡದಾಗಿಯೇ ಇದೆ. ಅವನಿಗಾಗಿ ಯಾರೂ ಅಳುವುದಿಲ್ಲ. ದಂಡಿನಿಂದ ಓಡಿ ಬಂದು, ಹೆಂಡತಿ ಇಲ್ಲ ಅಂತ ತಿಳಿದು ಅದೇ ಕೆರೆಗೆ ಹಾರಿದ ಮಾದೇವರಾಯನಿಗೆ ಅಳುತ್ತಾರೆ. ನಮ್ಮ ಅವ್ವ ಈ ಪದ ಹೇಳುವಾಗ ಗೌಡನ ಹೆಸರನ್ನು ಸರಸರ ದಾಟಿಸುತ್ತಿದ್ದಳು. ಮಾದೇವರಾಯ ಬಂದ ಕೂಡಲೇ ದನಿ ನಿಧಾನ ಆಗುತ್ತಿತ್ತು.

ಹಾಡು ಕಟ್ಟಿದವರದು ಇನ್ನೊಂದು ರೀತಿ. ಅವರು ತಮ್ಮ ಹೆಸರನ್ನೇ ಬಿಟ್ಟುಕೊಟ್ಟರು. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫಜ್ಜನ ಪದಗಳನ್ನು ಕೇಳಿ. ಕೊನೆಗೆ ಬರುವುದು ಶಿಶುನಾಳಧೀಶ, ಊರ ದೇವರು. ಇಲ್ಲವೇ ಗುರು ಗೋವಿಂದ. ಕಳಸದ ಗೋವಿಂದ ಭಟ್ಟರು ಇಮಾಮ ಸಾಹೇಬರ ಮಗನನ್ನು ಶಿಷ್ಯ ಅಂತ ಒಪ್ಪಿಕೊಂಡರು, ಊರವರ ಮಾತಿಗೆ ಸೊಪ್ಪು ಹಾಕಲಿಲ್ಲ. ಅದಕ್ಕೆ ಶಿಷ್ಯ ಕೊಟ್ಟದ್ದು ತನ್ನ ಹಾಡಿನಲ್ಲಿ ಜಾಗ. ಕೋಳಿ ಕೋಡಗವನ್ನು ನುಂಗುವ ಆ ಪದದಲ್ಲಿ ಎಲ್ಲವನ್ನೂ ಎಲ್ಲವೂ ನುಂಗಿದ ಮೇಲೆ ಕೊನೆಗೆ ನುಂಗುವುದು ಗೋವಿಂದ ಗುರುವಿನ ಪಾದವೇ. ಸಿ. ಅಶ್ವಥ್ ಅವರ ದನಿಯಲ್ಲಿ ಆ ಹಾಡು ಕರ್ನಾಟಕದ ತುಂಬಾ ಹೋಯಿತು. 1990ರ ಸಿನಿಮಾದಲ್ಲಿ ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು. ಅದೇ ಶಿಗ್ಗಾಂವಿ ಕಡೆಯ ಬಾಡದಲ್ಲಿ ಹುಟ್ಟಿದ ಕನಕದಾಸರೂ ಹಾಗೆಯೇ, ಕಾಗಿನೆಲೆ ಆದಿಕೇಶವನ ಹೆಸರಲ್ಲಿ ಮರೆಯಾದರು. ಗದುಗಿನ ಕುಮಾರವ್ಯಾಸನಿಗೆ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ. ಎಲ್ಲ ಕಡೆ ದೇವರ ಹೆಸರಿಗೆ ಊರಿನ ಹೆಸರು ಅಂಟಿಕೊಂಡಿದೆ. ಹುಬ್ಬಳ್ಳಿಯಾಂವನಿಗೆ ಅಂಟಿಕೊಂಡ ಹಾಗೆ.

ಸಿನಿಮಾ ಹಾಡುಗಳ ಬಗ್ಗೆ ಜಾಸ್ತಿ ಹೇಳಲಾರೆ. ಹೀರೋ ಬರುವ ಹಾಡಿನಲ್ಲಿ ಅವನ ಹೆಸರನ್ನು ಸುತ್ತಲಿನವರು ಕೂಗುತ್ತಾರೆ, ಕುಣಿಯುತ್ತಾರೆ, ಚೆಂದವೂ ಇರುತ್ತದೆ. ಆ ಹೆಸರು ಸಿನಿಮಾ ಟಾಕೀಸಿನಿಂದ ಹೋದ ಮೇಲೆ ಬಹಳ ದಿನ ಬಾಳುವುದಿಲ್ಲ. ಬಾಳಿದ್ದರಲ್ಲಿ ನನಗೆ ನೆನಪಾಗುವವನು 'ನಾಗರಹಾವು' ಚಿತ್ರದ ರಾಮಾಚಾರಿ. ಅವನೂ ಕೊನೆಗೆ ಗುಡ್ಡದ ಮೇಲಿಂದ ಹಾರಿ ಸತ್ತವನೇ.

ಈಗಿನ ಹುಡುಗರ ಹಾಡಿಗೆ ಬರುತ್ತೇನೆ. ಯೂಟ್ಯೂಬಿನಲ್ಲಿ ಬರುವ ಉತ್ತರ ಕರ್ನಾಟಕದ ಜಾನಪದ ಹಾಡುಗಳನ್ನು ಟ್ರ್ಯಾಕ್ಟರಿಗೆ ಡೆಕ್ ಕಟ್ಟಿ ಹಚ್ಚುತ್ತಾರೆ. ಓದಿಕೊಂಡ ನಮ್ಮಂಥ ಬಹಳ ಜನ ಮೂಗು ಮುರಿಯುತ್ತಾರೆ. ಸಾಹಿತ್ಯ ಇಲ್ಲ, ಬರೀ ಗದ್ದಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎಲ್ಲ ಹಾಡೂ ಚಲೋ ಇವೆ ಅಂತ ಅಲ್ಲ, ಕೆಲವಂತೂ ಹೆಣ್ಣುಮಕ್ಕಳ ಮುಂದೆ ಹಚ್ಚುವ ಹಾಗಿಲ್ಲ, ಅದು ಬೇಸರ. ಆದರೆ ಅವುಗಳಲ್ಲಿರುವ ಗಂಡಸನ್ನು ನೋಡಿ. ಅವನು ಡ್ರೈವರ್, ಕಬ್ಬಿನ ಗ್ಯಾಂಗಿನವನು, ದುಡಿಯಲಿಕ್ಕೆ ಗೋವಾಕ್ಕೆ ಹೋದವನು. ಹುಡುಗಿ ಅವನನ್ನು ಕರೆಯುವುದು 'ಮಾವ' ಅಂತ, ಹೆಸರಿಲ್ಲ. ಪ್ರೀತಿಸಿದವಳು ನೌಕರಿಯವನನ್ನು ಮದುವೆಯಾಗಿ ಹೋಗುತ್ತಾಳೆ, ಇವನು ಅವಳ ಊರ ಹಾದಿಯಲ್ಲಿ ನಿಂತು ಹಾಡುತ್ತಾನೆ. ನೌಕರಿ ಸಿಕ್ಕವನ ಮೇಲೆ ಒಂದು ಹಾಡನ್ನೂ ನಾನು ಕೇಳಿಲ್ಲ.

ನಮ್ಮ ಕಾಕಾನ ಮೊಮ್ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಲಕ್ಷ್ಮೇಶ್ವರದ ಕಡೆ ಗೋವಿನಜೋಳ ಹೇರಲಿಕ್ಕೆ ಹೋದಾಗ ಒಮ್ಮೆ ಅವನ ಜೊತೆ ಕೂತಿದ್ದೆ. ಹಾಡಿನ ಮೇಲೆ ಹಾಡು. ನಾನು ಗಮನಿಸಿದ್ದು ಕೊನೆಯ ನುಡಿಗಳನ್ನು. ಬಹಳ ಹಾಡುಗಳಲ್ಲಿ ಕೊನೆಗೆ ಪದ ಬರೆದವನ ಹೆಸರು, ಅವನ ಊರು, ಹಾಡಿದವನ ಹೆಸರು, ಅವನ ಊರು ಬರುತ್ತದೆ. ಕುರ್ತಕೋಟಿ ಕಲ್ಮೇಶ ಬರುತ್ತಿದ್ದ ಜಾಗ ಅದೇ. ದೇವರ ಬದಲು ಹುಡುಗರು ತಮ್ಮ ಹೆಸರನ್ನೇ ಇಟ್ಟಿದ್ದಾರೆ. ಇಟ್ಟುಕೊಳ್ಳಲಿ. ಅವರ ಹೆಸರನ್ನು ಪೇಪರಿನಲ್ಲಿ ಯಾರೂ ಹಾಕುವುದಿಲ್ಲ. ಹಾಡಿನೊಳಗಿನ ಹುಡುಗ ಹೇಗೂ ಎಲ್ಲವನ್ನೂ ಕಳೆದುಕೊಂಡಿದ್ದಾನೆ, ಕಟ್ಟಿದವನಾದರೂ ಊರಿನ ಸಮೇತ ಉಳಿಯಲಿ.

ಮೊಮ್ಮಗನಿಗೆ ಮುಂದಿನ ಹಾಡಿಗೆ ಹಾರುವ ಅವಸರ. ಕೊನೆಯ ನುಡಿಗೆ ಬರುವ ಮೊದಲೇ ಬದಲಿಸುತ್ತಾನೆ.

"ತಡಿಯೋ ತಮ್ಮಾ, ಯಾವೂರಾಂವ ಅಂತ ಕೇಳೂಣು," ಅಂದೆ.

"ಇಂವಾ ಸವಣೂರ ಕಡ್ಯಾಂವ್ರೀ ದೊಡ್ಡಪ್ಪಾ. ಕೇಳ್ರಿ, ಈಗ ಹೇಳ್ತಾನ," ಅಂದು ದನಿ ಇನ್ನಷ್ಟು ಏರಿಸಿದ.